ಸಹಾಯ ಬೇಕು: ಬಿ.ಪಿ. ಇರುವ ಅಣ್ಣನ ಕುಡಿತ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ತೋಟ ನೋಡಿಕೊಂಡಿರುವ ನನ್ನ ಅಣ್ಣನಿಗೆ ಐವತ್ತೆರಡು ವರ್ಷ. ದಿನಾ ತಪ್ಪದೆ ಆಮ್ಲೋಡಿಪಿನ್ ಮಾತ್ರೆ ನುಂಗುತ್ತಾನೆ. ಆದರೂ ಬಿ.ಪಿ. 160/100ಕ್ಕಿಂತ ಕೆಳಗಿಳಿಯುತ್ತಿಲ್ಲ. ಸಂಜೆಯಾದರೆ ಒಂದು ಕ್ವಾರ್ಟರ್ ವಿಸ್ಕಿ ಬೇಕೇ ಬೇಕು, ಜೊತೆಗೆ ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ. ಕ್ವಾರ್ಟರ್ ಎಂದರೆ 180 ಮಿ.ಲೀ., ಅಂದರೆ 30 ಮಿ.ಲೀ. ಪೆಗ್ ಲೆಕ್ಕದಲ್ಲಿ ಆರು!

"ಕುಡಿದ ಮೇಲೆ ಅಳೆದು ನೋಡು, ಇಳಿದಿರುತ್ತದೆ" ಎಂಬುದು ಅವನ ವಾದ. ಹೌದು, ರಕ್ತನಾಳ ಸಡಿಲಗೊಂಡು ಕೆಲವು ಗಂಟೆ ಇಳಿಯಬಹುದು. ಮರುದಿನ ಮತ್ತೆ ಏರುತ್ತದೆ. ನಿತ್ಯ ಕುಡಿದರೆ ಆ ಏರಿಕೆ ಇಳಿಯದೆ ಹಾಗೆಯೇ ಉಳಿದುಬಿಡುತ್ತದೆ, ಮಾತ್ರೆಯ ಪ್ರಯೋಜನವೂ ತಗ್ಗುತ್ತದೆ. ಪಾರ್ಶ್ವವಾಯು ಹೊಡೆದರೆ ಏನು ಗತಿ ಎಂದು ಅತ್ತಿಗೆಗೆ ನಿದ್ದೆಯಿಲ್ಲ.

ಒಮ್ಮೆಲೇ ಬಿಡು ಎನ್ನುವುದಕ್ಕೂ ಭಯ. ಬೆಳಿಗ್ಗೆ ಅವನ ಕೈ ನಡುಗಿ ಕಾಫಿ ಲೋಟದಿಂದ ತುಳುಕುತ್ತದೆ. ಇಂಥವರು ವೈದ್ಯರ ನಿಗಾ ಇಲ್ಲದೆ ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಇನ್ನೂ ಏರಬಹುದು, ಫಿಟ್ಸ್ ಕೂಡ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋಣ ಎಂದರೆ "ನಾನೇನು ಹುಚ್ಚನೇ?" ಎಂದು ಸಿಡುಕುತ್ತಾನೆ.

ಹಾಸನ ಅಥವಾ ಮೈಸೂರಿನಲ್ಲಿ ದಾಖಲು ಮಾಡಿಕೊಂಡು ಕುಡಿತ ಬಿಡಿಸುವ ಒಳ್ಳೆಯ ವೈದ್ಯರು ಗೊತ್ತಿದ್ದರೆ ತಿಳಿಸಿ. ಬಿ.ಪಿ. ಇದ್ದೂ ಕುಡಿತ ಬಿಟ್ಟವರು ಯಾರಾದರೂ ಅಣ್ಣನೊಡನೆ ಫೋನಿನಲ್ಲಿ ಮಾತನಾಡುವಿರಾ? ನಮ್ಮ ಮಾತಿಗಿಂತ ನಿಮ್ಮ ಮಾತು ಅವನಿಗೆ ನಾಟೀತು. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿಗಳನ್ನು ಮಾತ್ರ ದಯವಿಟ್ಟು ಸೂಚಿಸಬೇಡಿ. ಅವು ಜೀವಕ್ಕೇ ಅಪಾಯ ತರಬಹುದು.