‘ಸ್ತನ ಪುನರ್ನಿರ್ಮಾಣ’ಕ್ಕೆ ಬೇರೆ ಮಾತು ಇದೆಯೇ?

ಪದಬಲ್ಲ ಗೆಳೆಯರಿಗೆ ನಮಸ್ಕಾರ.

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಮುನ್ನ ಹೆಂಗಸರ ಕೈಗೆ ಕೊಡುವ ನಾಲ್ಕು ಪುಟದ ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ. ಸ್ತನವನ್ನು ತೆಗೆದ ಜಾಗದಲ್ಲಿ ಮತ್ತೆ ಆಕಾರ ಕೊಡುವ ಶಸ್ತ್ರಚಿಕಿತ್ಸೆಗೆ ‘ಪುನರ್ನಿರ್ಮಾಣ’, ‘ಮರುನಿರ್ಮಾಣ’, ‘ಪುನರ್ರಚನೆ’ ಎಂಬ ಮಾತುಗಳು ಚಾಲ್ತಿಯಲ್ಲಿವೆ. ಕೊನೆಯದು ಸಂಸ್ಕೃತ ಸಂಧಿಯ ಪ್ರಕಾರ ‘ಪುನಾರಚನೆ’ ಆಗಬೇಕು, ‘ನೀರಸ’, ‘ನೀರೋಗ’ ಆದ ಹಾಗೆ. ಆದರೆ ನನ್ನ ತಕರಾರು ಸಂಧಿಯದಲ್ಲ, ಅರ್ಥದ್ದು.

ಎರಡು ವರ್ಷದ ಹಿಂದೆ ಅತ್ತಿಗೆಯ ಎಡ ಸ್ತನವನ್ನು ತೆಗೆಯಬೇಕಾಗಿ ಬಂದಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ‘ಸ್ತನ ಪುನರ್ನಿರ್ಮಾಣ: ಬೇಕು / ಬೇಡ’ ಎಂದು ಎರಡು ಚೌಕಗಳಿದ್ದವು. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಅವರ ಊರಿನ ದೇವಸ್ಥಾನದ ಚಂದಾ ರಸೀದಿಯ ಮೇಲೆ ಅಚ್ಚಾಗಿದ್ದುದೂ ಅದೇ ಮಾತು. ‘ಮೊದಲಿದ್ದ ಹಾಗೆಯೇ ಕಟ್ಟಿಕೊಡುತ್ತಾರೆ ಎಂದ ಮೇಲೆ ಬೇಡ ಎನ್ನುವವರು ಯಾರು?’ ಎಂದರು. ಪೆನ್ನು ‘ಬೇಕು’ ಚೌಕದ ಮೇಲೆ ನಿಂತಿತ್ತು. ಅಷ್ಟರಲ್ಲಿ ಬಂದ ಹಿರಿಯ ದಾದಿಯೊಬ್ಬರು ಪಕ್ಕದಲ್ಲಿ ಕುಳಿತು, ಚರ್ಮ, ಕೊಬ್ಬುಗಳನ್ನು ಎಲ್ಲಿಂದ ತರುತ್ತಾರೆಂದು ತಮ್ಮ ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ ಕೈಯಿಟ್ಟು ತೋರಿಸುತ್ತ ವಿವರಿಸಿದರು: ಆಕಾರ ಬರುತ್ತದೆ, ಆದರೆ ಮುಟ್ಟಿದರೆ ಮೊದಲಿನ ಸ್ಪರ್ಶ ಪೂರ್ತಿ ತಿಳಿಯುವುದಿಲ್ಲ, ಹಲವರಿಗೆ ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಇಂಪ್ಲಾಂಟ್, ಅಂದರೆ ಆಕಾರಕ್ಕಾಗಿ ಮೈಯೊಳಗೆ ಇಡುವ ಕೃತಕ ಚೀಲ, ಇಟ್ಟರೆ ಅದು ಜೀವಮಾನಪೂರ್ತಿ ಬಾಳುತ್ತದೆಂಬ ಖಾತರಿಯಿಲ್ಲ, ವಿಕಿರಣ ಚಿಕಿತ್ಸೆ ಇದ್ದರೆ ಯಾವುದನ್ನು, ಯಾವಾಗ ಮಾಡಬೇಕು ಎಂಬ ಲೆಕ್ಕವೇ ಬದಲಾಗುತ್ತದೆ. ತೆಗೆಯುವಾಗಲೇ ಮಾಡಿಸಬಹುದು, ವರ್ಷಗಳ ನಂತರವೂ ಮಾಡಿಸಬಹುದು. ಎಲ್ಲವನ್ನೂ ಕೇಳಿದ ಅತ್ತಿಗೆ ಎರಡೂ ಚೌಕಗಳನ್ನು ಬಿಟ್ಟು ಹಾಳೆಯ ಅಂಚಿನಲ್ಲಿ ‘ಈಗ ಬೇಡ’ ಎಂದು ಬರೆದರು.

ಆ ಎರಡು ಪದಗಳಿಗೆ ಅಚ್ಚಾದ ಹಾಳೆಯಲ್ಲಿ ಜಾಗವೇ ಇರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ನೆರೆಯಲ್ಲಿ ಬಿದ್ದ ಮನೆಗೆ, ಕುಸಿದ ಸೇತುವೆಗೆ ‘ಪುನರ್ನಿರ್ಮಾಣ’ ಒಪ್ಪುತ್ತದೆ, ಏಕೆಂದರೆ ಅವನ್ನು ಹಾಗೆಯೇ ಬಿಡುವಂತಿಲ್ಲ. ಮೈಗೆ ಅದೇ ಮಾತನ್ನು ಹಚ್ಚಿದಾಗ, ಕಟ್ಟಿಸಿಕೊಳ್ಳದವಳು ಬಿದ್ದ ಮನೆಯಾಗಿ ಉಳಿದಳು ಎಂಬ ಧ್ವನಿ ಬರುತ್ತದೆ. ಮಾಡಿಸಿಕೊಳ್ಳಬಯಸುವ ಹೆಣ್ಣಿಗೂ ಈ ಮಾತು ನ್ಯಾಯ ಒದಗಿಸುವುದಿಲ್ಲ. ‘ಮೊದಲಿನಂತೆ’ ಎಂಬ ಸುಳ್ಳು ಭರವಸೆಯನ್ನು ಅವಳ ಕೈಗಿಡುತ್ತದೆ. ‘ಮರುರೂಪ’ ಅಥವಾ ‘ಎದೆಗೆ ಆಕಾರ ಕೊಡುವ ಶಸ್ತ್ರಚಿಕಿತ್ಸೆ’ ಎಂದರೆ ಹೇಗೆ? ಎರಡನೆಯದು ಉದ್ದ, ಆದರೆ ಪ್ರಾಮಾಣಿಕ.

‘ಎದೆ’ ಎಂದೆ, ಅಲ್ಲಿಯೂ ತೊಡಕಿದೆ. ಎದೆ ಎಂದರೆ ಧೈರ್ಯವೂ ಹೌದು, ಹೃದಯವೂ ಹೌದು. ‘ಎದೆ ಆಪರೇಷನ್’ ಎಂದರೆ ಹೃದಯದ್ದೆಂದು ತಿಳಿಯುವವರೇ ಹೆಚ್ಚು. ‘ಸ್ತನ’ ಪುಸ್ತಕದ ಮಾತು. ‘ಮೊಲೆ’ ನಮ್ಮದೇ ಮಾತು, ಜೇಡರ ದಾಸಿಮಯ್ಯನ ವಚನದಲ್ಲಿ ‘ಮೊಲೆ ಮುಡಿ’ ಎಂದು ಯಾವ ಮುಜುಗರವೂ ಇಲ್ಲದೆ ಬಂದಿದೆ. ಆದರೂ ಹಾಲೂಡಿಸುವ ಸಂದರ್ಭದ ಹೊರಗೆ ಅದನ್ನು ಅಚ್ಚುಹಾಕಲು ಇಂದು ಹಿಂಜರಿಯುತ್ತೇವೆ. ಚಿಕಿತ್ಸೆ ಮುಗಿಸಿದ ಹೆಂಗಸರು ಈ ಮೂರರಲ್ಲಿ ಒಂದನ್ನೂ ಬಳಸದೆ, ‘ಒಂದು ಕಡೆ ತೆಗೆದಿದ್ದಾರೆ’ ಎನ್ನುವುದನ್ನು ಕೇಳಿದ್ದೇನೆ. ವಾಕ್ಯದಿಂದ ಕರ್ಮಪದವೇ ಜಾರಿಹೋಗಿರುತ್ತದೆ.

‘ಕೃತಕ ಸ್ತನ’ ಎಂಬುದು ಇನ್ನೂ ಅಪಾಯದ ಮಾತು. ಚರ್ಮದ ಅಡಿಯಲ್ಲಿ ಇಡುವ ಇಂಪ್ಲಾಂಟಿಗೂ ಅದೇ, ಒಳಉಡುಪಿನಲ್ಲಿ ಇಟ್ಟುಕೊಳ್ಳುವ, ಸಂಜೆ ತೆಗೆದಿಡಬಹುದಾದ ಸಿಲಿಕೋನ್ ಅಥವಾ ಬಟ್ಟೆಯ ತೊಡುಗೆಗೂ ಅದೇ. ಒಂದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಇನ್ನೊಂದಕ್ಕೆ ಬೇಡ. ಇಂಪ್ಲಾಂಟನ್ನು ಇಂಪ್ಲಾಂಟ್ ಎಂದೇ ಉಳಿಸಿ, ಹೊರಗಿನದನ್ನು ‘ಎದೆತೊಡುಗೆ’ ಎನ್ನೋಣವೇ? ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ತಂದು ಎದೆಗೆ ಕೂಡಿಸಿ ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕೆ ‘ಕಸಿ’ ಎಂದು ಬರೆದಿದ್ದೆ. ಮಾವಿನ ಗಿಡಕ್ಕೆ ಕಸಿ ಕಟ್ಟಿದವರಿಗೆ ಥಟ್ಟನೆ ತಿಳಿಯುವ ಮಾತು. ಆದರೆ ಕರಡನ್ನು ಓದಿದ ಒಬ್ಬ ತಾಯಿ, ‘ಯಾರದನ್ನು ತಂದು ಕಸಿ ಮಾಡುತ್ತಾರೆ?’ ಎಂದು ಗಾಬರಿಯಾದರು. ಕಿಡ್ನಿ ಕಸಿಯ ನೆನಪು. ಈಗ ‘ನಿಮ್ಮದೇ ಮೈಯ ಕಸಿ’ ಎಂದು ತಿದ್ದಿದ್ದೇನೆ.

ನನಗೆ ಅತಿ ಮುಖ್ಯವಾದ ಪದ ಇನ್ನೂ ಸಿಕ್ಕಿಲ್ಲ. ಆಕಾರ ಕೊಡಿಸದೆ, ಹೆಚ್ಚುವರಿ ಚರ್ಮ ಜೋತುಬೀಳದಂತೆ, ಎದೆಯನ್ನು ಓರಣವಾಗಿ ಹೊಲಿದು ಮುಗಿಸುವುದೂ ಒಂದು ಆಯ್ಕೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅದಕ್ಕೆಂದೇ ಒಂದು ಪದವನ್ನು ತನ್ನ ನಿಘಂಟಿಗೆ ಸೇರಿಸಿದ್ದು 2020ರಲ್ಲಿ. ಹೆಸರಿಲ್ಲದಿದ್ದರೆ ಅದು ಆಯ್ಕೆಯಾಗಿ ಕಾಣುವುದೇ ಇಲ್ಲ, ಬರೀ ‘ಬೇಡ’ ಆಗಿ ಕಾಣುತ್ತದೆ. ‘ಚಪ್ಪಟೆ’ ಎಂದರೆ ಅವಮಾನದಂತೆ ಕೇಳುತ್ತದೆ. ‘ಸಮತಟ್ಟು’ ಎಂದರೆ ಹೊಲ ನೆನಪಾಗುತ್ತದೆ. ನನಗೆ ‘ಮಟ್ಟಸ’ ಇಷ್ಟ. ಮಟ್ಟಸವಾಗಿ ಎಂದರೆ ಏರುಪೇರಿಲ್ಲದೆ, ಅಚ್ಚುಕಟ್ಟಾಗಿ. ಮಾಡಿದವರ ಕೈಯ ಶ್ರದ್ಧೆಯೂ ಆ ಮಾತಿನಲ್ಲಿದೆ. ‘ಮಟ್ಟಸ ಹೊಲಿಗೆ’ ಎಂದು ಅಚ್ಚುಹಾಕಬಹುದೇ?

ಇನ್ನೊಂದು, ಸಹಿಯ ಜಾಗದ ಮೇಲೆ ಬರುವ ತಲೆಬರಹ. ‘ಮಾಹಿತಿಪೂರ್ವಕ ಸಮ್ಮತಿ’ ಎಂದು ಬರೆಯುವುದು ರೂಢಿ. ಸಮ್ಮತಿಯಾಗಲಿ ಒಪ್ಪಿಗೆಯಾಗಲಿ ಇನ್ನೊಬ್ಬರು ಮುಂದಿಟ್ಟದ್ದಕ್ಕೆ ತಲೆಯಾಡಿಸುವುದು. 2008ರಲ್ಲಿ ಸುಪ್ರೀಂ ಕೋರ್ಟ್ ತನ್ನ ಮುಂದೆ ಬಂದ ಒಂದು ಪ್ರಕರಣದಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ವಯಸ್ಕ ಮಹಿಳೆಯ ಗರ್ಭಕೋಶ ತೆಗೆಯಲು ಆಕೆಯ ತಾಯಿ ಕೊಟ್ಟ ಒಪ್ಪಿಗೆ ಸಿಂಧುವಲ್ಲ ಎಂದಿತು. ಬದಲಿ ಚಿಕಿತ್ಸೆಗಳು ಯಾವುವು, ಅಪಾಯಗಳೇನು ಎಂಬುದನ್ನೂ ವೈದ್ಯರು ರೋಗಿಗೆ ತಿಳಿಸಬೇಕು ಎಂದಿತು. ಹೀಗಿದ್ದರೂ ಅತ್ತಿಗೆಯ ಹಾಳೆ ಮೊದಲು ಹೋದದ್ದು ಅಣ್ಣನ ಕೈಗೆ. ಆದ್ದರಿಂದ ನಾಮಪದವನ್ನೇ ಕೈಬಿಟ್ಟು, ‘ನಾನು ಕೇಳಿ ತಿಳಿದುಕೊಂಡು ಆರಿಸಿಕೊಂಡದ್ದು’ ಎಂಬ ತಲೆಬರಹ ಕೊಟ್ಟಿದ್ದೇನೆ. ಅದರ ಕೆಳಗೆ ಮೂರು ಚೌಕಗಳಿವೆ: ಬೇಕು, ಬೇಡ, ಈಗ ಬೇಡ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ: ‘ಮಟ್ಟಸ’ ನಿಮ್ಮ ಮನೆಯ ಹೆಂಗಸರ ಬಾಯಲ್ಲಿ ಇದೆಯೇ, ಇದ್ದರೆ ಯಾವುದಕ್ಕೆ ಬಳಸುತ್ತಾರೆ? ಸಾಧ್ಯವಾದರೆ ಅವರನ್ನೇ ಕೇಳಿ ಬರೆಯಿರಿ. ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು, ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.