ಕೀ ಕೊಡುವ ಕ್ರೋನೋಗ್ರಾಫ್ ಮದುವೆ ಮನೆಗೆ ಒಪ್ಪುತ್ತದಾ?

ಠಾಣೆಯಿಂದ, ಪ್ರಶ್ನೆ: ಮೇ ತಿಂಗಳಲ್ಲಿ ಮಾಟುಂಗದಲ್ಲಿ ತಂಗಿಯ ಮದುವೆ. ಸೋದರಮಾವ ಕೊಟ್ಟ ಸೀಗಲ್ 1963 ಇದೆ, ಚೀನಾದ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರ), 38 ಮಿ.ಮೀ., ದಿನಾ ಕೀ ಕೊಡಬೇಕು. ರಿಸೆಪ್ಷನ್‌ಗೆ ಸೂಟಿನ ಜೊತೆ ಹಾಕೋಣ ಅಂತಿದ್ದೇನೆ. ಕ್ರೋನೋಗ್ರಾಫ್ ಅಂದ್ರೆ ಕಾರ್ ರೇಸಿನವರ ವಾಚು, ಸೂಟಿಗೆ ಹೊಂದಲ್ಲ ಅಂತ ಗೆಳೆಯ ನಗುತ್ತಾನೆ. ಹಾಕಿ ನೋಡಿದವರು ಹೇಳಿ.

ಡೊಂಬಿವಲಿಯಿಂದ: ಹಾಕಿ ಸ್ವಾಮಿ, ಧಾರಾಳವಾಗಿ ಹಾಕಿ. ಎಂಟು ವರ್ಷದಿಂದ ನನ್ನ ಕೈಯಲ್ಲೂ ಅದೇ ಇದೆ. ಸೂಟಿಗೆ ತೊಂದರೆ ಕೊಡುವುದು ವಾಚಿನ ದಪ್ಪ. ಆಟೋಮ್ಯಾಟಿಕ್‌ನಲ್ಲಿ ಕೈಯಾಡಿದಂತೆ ತಾನೇ ಕೀ ಕೊಟ್ಟುಕೊಳ್ಳಲು ಯಂತ್ರದ ಮೇಲೆ ಇನ್ನೊಂದು ತೂಕದ ತಟ್ಟೆ ತಿರುಗುತ್ತಿರುತ್ತದೆ. ಅಂಥ ಕ್ರೋನೋಗ್ರಾಫ್‌ಗಳಲ್ಲಿ ಬರುವ ಸ್ವಿಸ್ ವಾಲ್ಜೂ 7750 ಯಂತ್ರ ಒಂದೇ 7.9 ಮಿ.ಮೀ. ಇದೆ. ನಿಮ್ಮ ವಾಚಿನೊಳಗಿನ ಎಸ್‌ಟಿ19 ಅದಕ್ಕಿಂತ ಸುಮಾರು 2 ಮಿ.ಮೀ. ತೆಳು. ಅಂಗಿಯ ಕಫ್ ಗುಂಡಿ ಹಾಕಿ ಕೈ ಮಡಚಿ. ವಾಚು ಸಲೀಸಾಗಿ ಒಳಗೆ ಜಾರಿದರೆ ಗೆಳೆಯನ ಮಾತು ಬಿಟ್ಟುಬಿಡಿ.

ಡಯಲ್ ಕೂಡ ನೋಡಿ. ತಿಳಿ ಬಣ್ಣ, ಚಿನ್ನದ ಗೆರೆ, ನೀಲಿ ಮುಳ್ಳು. ಅಂಚಿನಲ್ಲಿ ವೇಗ ಅಳೆಯುವ ಅಂಕಿಗಳ ಜಾತ್ರೆ ಇಲ್ಲ. ಹನ್ನೆರಡರ ಕೆಳಗಿನ ಕೆಂಪು ನಕ್ಷತ್ರ ಮಾತ್ರ ಸ್ವಲ್ಪ ಗಮನ ಸೆಳೆಯುತ್ತದೆ, ನನಗೆ ಅದೇ ಇಷ್ಟ. ಚೀನಾದವರು ತಮ್ಮ ವಾಯುಪಡೆಗೆಂದು 1961ರಲ್ಲಿ ಈ ವಾಚಿನ ಕೆಲಸ ಶುರು ಮಾಡಿದ್ದು, ಯಂತ್ರದ ಮೂಲ ಸ್ವಿಸ್ ವೀನಸ್ 175. ಅದೇ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಹೊರಟಿತ್ತು. ಮಾವನಿಗೆ ಹೇಳಿ, ಖುಷಿಪಡುತ್ತಾರೆ.

ಪುಣೆಯಿಂದ: ಕೀ ಕೊಡುವುದೇ ಇದರ ಅರ್ಧ ಸುಖ. ನಮ್ಮಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಆಮೇಲೆ ಎಚ್‌ಎಂಟಿ ಜನತಾಗೆ ಕೀ ಕೊಡುತ್ತಿದ್ದರು. ಆ ಕಿರ್ ಕಿರ್ ಸದ್ದು ಕೇಳಿದರೆ ಶಾಲೆಗೆ ಹೊತ್ತಾಯಿತು ಅಂತ ನಮಗೆ ಗೊತ್ತಾಗುತ್ತಿತ್ತು. ಈಗ ನಾನು ಕಾಫಿ ಕುಡಿಯುತ್ತಾ ಕೊಡುತ್ತೇನೆ. ಕೈಯಿಂದ ಬಿಚ್ಚಿಯೇ ಕೊಡಿ, ಕಟ್ಟಿಕೊಂಡು ತಿರುಗಿಸಿದರೆ ಕೀ ಕಡ್ಡಿ ಓರೆಯಾಗಿ ಎಳೆಯುತ್ತದೆ. ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಪೂರ್ತಿ ಕೊಟ್ಟರೆ ಒಂದೂವರೆ ದಿನಕ್ಕೆ ಮೋಸವಿಲ್ಲ. ಸ್ಟಾಪ್‌ವಾಚ್ ಸುಮ್ನೆ ಓಡಲು ಬಿಟ್ಟರೆ ಬೇಗ ಇಳಿಯುತ್ತದೆ. ಇನ್ನೊಂದು, ಮೇಲಿನ ಗುಂಡಿ ಒತ್ತಿ ನಿಲ್ಲಿಸಿದ ಮೇಲೆಯೇ ಕೆಳಗಿನದನ್ನು ಒತ್ತಬೇಕು. ಮದುವೆ ಮನೆಯ ಮಕ್ಕಳ ಕೈಗೆ ಮಾತ್ರ ಕೊಡಬೇಡಿ!

ಏನು ಅಳೆಯುತ್ತೀರಿ ಅಂತ ಹೆಂಡತಿ ಕೇಳುತ್ತಾಳೆ. ಮುಂಬೈಗೆ ಹೋದಾಗ ದಾದರ್‌ನಲ್ಲಿ ಲೋಕಲ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಳೆದಿದ್ದೇನೆ. 23 ಸೆಕೆಂಡು. ಯಾರಿಗೆ ಬೇಕಿತ್ತು?

ಅಂಧೇರಿಯಿಂದ: ನಾನು ಒಪ್ಪಲ್ಲ. ಸೂಟಿಗೆ ಎರಡು ಮುಳ್ಳಿನ ಸಾದಾ ವಾಚೇ ಚೆಂದ. ನನ್ನದು ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್, ಅದೂ ಕೀ ಕೊಡುವಂಥದ್ದೇ. ಆದರೆ 42 ಮಿ.ಮೀ., ಕಪ್ಪು ಡಯಲ್, ಸುತ್ತ ವೇಗ ಅಳೆಯುವ ಟ್ಯಾಕಿಮೀಟರ್ ಅಂಕಿಗಳು. 1969ರಲ್ಲಿ ಚಂದ್ರನ ಮೇಲೆ ಇಳಿದವರ ಕೈಯಲ್ಲಿ ಇದ್ದದ್ದು, ನನ್ನ ಕಫ್‌ನೊಳಗೆ ಇಳಿಯುವುದಿಲ್ಲ.

ಮಡಗಾಂವ್‌ನಿಂದ: ಬೆವರಿನ ಮಾತು ಯಾರೂ ಎತ್ತಲಿಲ್ಲ. ಮೇ ತಿಂಗಳು, ಮುಂಬೈ, ಮೇಲೆ ಸೂಟು! ವಾಚಿನ ಗುಂಡಿಗಳ ಸಂದಿಯಲ್ಲೇ ತೇವ ಒಳಗೆ ಹೋಗುವುದು. ಒಂದು ಮಳೆಗಾಲ ನನ್ನದರ ಗಾಜಿನೊಳಗೆ ಮಂಜು ಕೂತಿತು. ತಾನೇ ಒಣಗುತ್ತದೆ ಬಿಡು ಅಂದುಕೊಂಡೆ. ತಿಂಗಳ ಮೇಲೆ ಬಿಚ್ಚಿಸಿದರೆ ತುಕ್ಕು. ಕ್ರೋನೋಗ್ರಾಫ್ ಬಿಚ್ಚಿ ಆಯಿಲ್ ಹಾಕುವ ಖರ್ಚು ಸಾದಾ ವಾಚಿಗಿಂತ ಜಾಸ್ತಿಯೇ. ಚರ್ಮದ ಬೆಲ್ಟು ಬೆಳಗಿನ ಮುಹೂರ್ತಕ್ಕೆ ಬೇಡ, ಹೋಮದ ಹೊಗೆ, ಬೆವರು ಎರಡಕ್ಕೂ ಹಾಳಾಗುತ್ತದೆ. ಸಂಜೆ ಎಸಿ ಹಾಲಿನಲ್ಲಿ ಕಟ್ಟಿಕೊಳ್ಳಿ. ಕೈ ತೊಳೆಯುವಾಗ ಗುಂಡಿ ಮುಟ್ಟಬೇಡಿ.

ಠಾಣೆಯಿಂದ, ಮತ್ತೆ: ಎಲ್ಲರಿಗೂ ಥ್ಯಾಂಕ್ಸ್. ಕಫ್ ಗುಂಡಿ ಹಾಕಿ ನೋಡಿದೆ, ಎಡಗೈಯಲ್ಲಿ ಸಿಕ್ಕಿಕೊಂಡಿತು. ವಾಚಿನ ತಪ್ಪಿಲ್ಲ, ಅಂಗಿಯೇ ಬಿಗಿ. ಗುಂಡಿ ಅರ್ಧ ಇಂಚು ಸರಿಸಲು ಟೈಲರ್ ಹತ್ತಿರ ಕೊಟ್ಟು ಬಂದಿದ್ದೇನೆ.