ಜಿಮ್ನಿಗೆ ಹಾಕಿಸಿದ ಸ್ಪೇಸರ್ ನಟ್ ಪದೇ ಪದೇ ಸಡಿಲ ಆಗ್ತಿವೆ, ಏನು ಮಾಡಲಿ?

ಪ್ರಶ್ನೆ (ಭೀಮಸಮುದ್ರದ ತೋಟದವರು):
ಎಲ್ಲರಿಗೂ ನಮಸ್ಕಾರ. ನನ್ನದು ಮಾರುತಿ ಜಿಮ್ನಿ, 2023ರದ್ದು. ದಿನಾ ಅಡಿಕೆ ತೋಟದ ದಾರಿ, ಮಳೆ ಬಂದ್ರೆ ಬರೀ ಕೆಸರು. ಅಗಲದ ಟೈರ್ ಹಾಕಿಸಿದ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಒಳಗಡೆ ಉಜ್ಜುತ್ತಿತ್ತು. ಅದಕ್ಕೆ ಆನ್‌ಲೈನಲ್ಲಿ 30 ಎಂಎಂ ಅಲ್ಯೂಮಿನಿಯಂ ಸ್ಪೇಸರ್ (ಚಕ್ರ ಕೂರೋ ಹಬ್ಬಿಗೂ ಚಕ್ರಕ್ಕೂ ನಡುವೆ ಇಡೋ ದಪ್ಪ ಬಿಲ್ಲೆ; ಒಳಗಿನ ನಟ್ ಅದನ್ನ ಹಬ್ಬಿಗೆ ಹಿಡಿಯುತ್ತೆ, ಹೊರಗಿನ ನಟ್ ಚಕ್ರನ ಅದಕ್ಕೆ ಹಿಡಿಯುತ್ತೆ) ತರಿಸಿ ನಾಲ್ಕೂ ಚಕ್ರಕ್ಕೆ ಹಾಕಿಸಿದೆ. ಟೈರ್ ಅಂಗಡಿಯಲ್ಲಿ ನಟ್ ತಿರುಗಿಸೋ ಗನ್ ಹಿಡಿದು ಬಿಗಿ ಮಾಡಿಕೊಟ್ರು. ಎರಡು ವಾರಕ್ಕೆ ಎಡಗಡೆ ಹಿಂದಿನ ಚಕ್ರದಲ್ಲಿ ಟಕ್ ಟಕ್ ಸದ್ದು. ಹೊರಗಿನ ನಟ್ ನೋಡಿದೆ, ಬಿಗಿ ಇವೆ. ಚಕ್ರ ಬಿಚ್ಚಿದ್ರೆ ಒಳಗಿನ ಐದರಲ್ಲಿ ಮೂರು ನಟ್ ಬೆರಳಲ್ಲೇ ತಿರುಗ್ತಾವೆ! ಬಿಗಿ ಮಾಡಿದೆ. ಎಂಟು ದಿನಕ್ಕೆ ಮತ್ತೆ ಅದೇ. ಮಕ್ಕಳು ಕೂರೋ ಗಾಡಿ ಇದು. ಲಾಕ್‌ಟೈಟ್ (ನಟ್ಟಿನ ಥ್ರೆಡ್‌ಗೆ ಹಾಕೋ ಅಂಟು) ಹಾಕು ಅಂತ ಒಬ್ರು, ಸ್ಪ್ರಿಂಗ್ ವಾಷರ್ ಹಾಕು ಅಂತ ಇನ್ನೊಬ್ರು. ಅಣ್ಣಾರೆ, ಏನ್ ಮಾಡ್ಲಿ?

ಉತ್ತರ (ದಾವಣಗೆರೆಯ ಗ್ಯಾರೇಜಿನವರು):
ಮೊದಲು ಒಂದು ಮಾತು ನಡೆಸಿಕೊಡ್ರಿ. ಆ ಗಾಡಿನ ಹೆದ್ದಾರಿಗೆ ಇಳಿಸಬೇಡ್ರಿ. ನಾಲ್ಕೂ ಸ್ಪೇಸರ್ ಬಿಚ್ಚಿ ಹಳೇ ಟೈರ್ ಹಾಕ್ಕೊಂಡು ಓಡಾಡ್ರಿ. ಸಡಿಲ ಆಗಿದ್ದ ಚಕ್ರದ ಐದೂ ಸ್ಟಡ್ (ಹಬ್ಬಿನಿಂದ ಹೊರಗೆ ಚಾಚಿರೋ, ನಟ್ ಕೂರೋ ಬೋಲ್ಟ್) ಹೊಸದು ಹಾಕಿಸಬೇಕು. ನೋಡೋಕೆ ಚೆನ್ನಾಗೇ ಕಾಣ್ತಾವೆ, ಆದ್ರೆ ಸಡಿಲ ನಟ್ ಇಟ್ಕೊಂಡು ಓಡಿದ ಸ್ಟಡ್ ಪ್ರತಿ ಸುತ್ತಿಗೂ ಬಗ್ಗಿ ಬಗ್ಗಿ ಬುಡದಲ್ಲಿ ಬಿರುಕು ಬಿಟ್ಟಿರಬಹುದು. ಕಣ್ಣಿಗೆ ಕಾಣದ ಬಿರುಕು ಅದು. ಮುಂದೊಂದು ದಿನ ಪಟ್ ಅಂತ ಮುರಿಯಬಹುದು.

ಈಗ ಯಾಕೆ ಸಡಿಲ ಆಗುತ್ತೆ ಅನ್ನೋದು. ಚಕ್ರದ ಭಾರನ ಸ್ಟಡ್ ಹೊರುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ, ಅದು ಹಂಗಲ್ಲ. ನಟ್ ಬಿಗಿ ಮಾಡಿದಾಗ ಸ್ಟಡ್ ಒಂಚೂರು ಹಿಗ್ಗುತ್ತೆ. ಆ ಹಿಗ್ಗಿದ ಸ್ಟಡ್ ಸ್ಪೇಸರನ್ನ ಹಬ್‌ಗೆ ಅದುಮಿ ಹಿಡಿಯುತ್ತೆ. ಎರಡು ಲೋಹದ ಮುಖ ಒಂದಕ್ಕೊಂದು ಕಚ್ಚಿಕೊಂಡು, ಆ ಹಿಡಿತದ ಮೇಲೇ ಗಾಡಿ ಓಡೋದು. ಮಧ್ಯೆ ಬಣ್ಣ, ತುಕ್ಕು, ಒಣಗಿದ ಕೆಸರು ಏನೇ ಇದ್ರೂ ಓಡ್ತಾ ಓಡ್ತಾ ಅದು ಪುಡಿಯಾಗಿ ತೆಳ್ಳಗಾಗುತ್ತೆ. ಒಂದು ಕಾಗದದ ದಪ್ಪದಷ್ಟು ಸವೆದ್ರೂ ಸಾಕು, ಸ್ಟಡ್ಡಿನ ಎಳೆತ ಅಷ್ಟೂ ಹೋಗುತ್ತೆ. ನಟ್ ತಿರುಗೇ ಇರಲ್ಲ, ಆದ್ರೂ ಹಿಡಿತ ಸತ್ತಿರುತ್ತೆ. ಆಮೇಲೇ ಅದು ತಿರುಗೋಕೆ ಶುರು ಮಾಡೋದು. ನೀವು ಬಿಗಿ ಮಾಡಿದ್ರೂ ಎಂಟು ದಿನಕ್ಕೆ ಸಡಿಲ ಆಗಿದೆ ಅಂದ್ರೆ ನಿಮ್ಮ ಹಬ್ಬಿಗೂ ಸ್ಪೇಸರ್‌ಗೂ ನಡುವೆ ಏನೋ ಇದೆ. ಸ್ಪೇಸರ್ ಹಿಂಭಾಗಕ್ಕೆ ಬಣ್ಣ ಬಳಿದಿದೆಯಾ ನೋಡ್ರಿ.

ಇದನ್ನ ನಾನು ಪುಸ್ತಕದಿಂದ ಹೇಳ್ತಿಲ್ಲ. ಕೆಲಸ ಕಲಿಯೋ ಕಾಲದಲ್ಲಿ ಒಂದು ಜಿಪ್ಸಿಗೆ ತುಕ್ಕು ಹಿಡಿದ ಬ್ರೇಕ್ ಡ್ರಮ್ ಮೇಲೇ ಸ್ಪೇಸರ್ ಕೂರಿಸಿ ಕಳಿಸಿದ್ದೆ. ಮೂರು ವಾರಕ್ಕೆ ವಾಪಸ್ ಬಂತು. ಐದರಲ್ಲಿ ಎರಡು ಸ್ಟಡ್ ಮುರಿದಿದ್ವು, ನಟ್ ಕೂರೋ ಗುಂಡಿ ಸುತ್ತ ಕಾಡಿಗೆ ಥರ ಕಪ್ಪು ಪುಡಿ, ತೂತು ಮೊಟ್ಟೆ ಆಕಾರಕ್ಕೆ ಹಿಗ್ಗಿತ್ತು. ಅಲ್ಯೂಮಿನಿಯಂ ಉಜ್ಜಿ ಉಜ್ಜಿ ಬರೋ ಪುಡಿ ಅದು. ಆ ಮನೆಯವರು ಹಿಂದಿನ ದಿನವೇ ಮಕ್ಕಳನ್ನ ಕೂರಿಸಿಕೊಂಡು ಹಿರಿಯೂರಿನಿಂದ ಬಂದಿದ್ರು. ಇವತ್ತಿಗೂ ಅದು ಮನಸ್ಸಲ್ಲಿ ಕೂತಿದೆ. ನಿಮ್ಮ ಸ್ಪೇಸರಲ್ಲೂ ಆ ಕಪ್ಪು ಪುಡಿ ಇದ್ರೆ, ತೂತು ದುಂಡಗಿಲ್ಲದಿದ್ರೆ, ಆ ಸ್ಪೇಸರ್ ಗುಜರಿಗೆ ಹಾಕ್ರಿ.

ಸ್ಪೇಸರ್ ಮತ್ತೆ ಹಾಕೋದೇ ಆದ್ರೆ, ಹಾಕೋ ರೀತಿ ಹೇಳ್ತೀನಿ. ಹಬ್ ಮುಖ, ಡ್ರಮ್ ಮುಖ ವೈರ್ ಬ್ರಷ್‌ನಿಂದ ಉಜ್ಜಿ ಬೆಳ್ಳಗೆ ಲೋಹ ಕಾಣೋ ಹಂಗೆ ಮಾಡ್ರಿ. ಸ್ಟಡ್ ಸುತ್ತ ಬುಡದಲ್ಲೇ ತುಕ್ಕು ಉಳಿಯೋದು, ಅಲ್ಲಿ ಎಮರಿ ಕಾಗದ ಸುತ್ತಿ ಉಜ್ಜಬೇಕು. ಸ್ಪೇಸರ್ ಹಿಂದಿನ ಬಣ್ಣನೂ ತೆಗೀರಿ, ನಟ್ ಕೂರೋ ಗುಂಡಿಯ ಬಣ್ಣನೂ. ಥ್ರೆಡ್ ಒಣಗಿರಲಿ, ಎಣ್ಣೆ ಗ್ರೀಸ್ ಬೇಡ. ಜಾಕಿ ಮೇಲಿದ್ದಾಗಲೇ ನಟ್ ಎಲ್ಲ ಕೈಯಲ್ಲಿ ಕೂರಿಸಿ, ಎದುರು ಬದುರು ನಕ್ಷತ್ರದ ಹಂಗೆ ಮೂರು ಸಲಕ್ಕೆ ಬಿಗಿ ಮಾಡ್ರಿ. 40, 70, ಕೊನೆಗೆ 100 ನ್ಯೂಟನ್ ಮೀಟರ್. ಜಿಮ್ನಿ ಚಕ್ರದ ನಟ್‌ಗೆ ಕಂಪನಿ ಹೇಳೋದು 100. ಒಂದು ಮೀಟರ್ ಉದ್ದದ ಕಬ್ಬಿಣದ ತುದಿಗೆ 10 ಕಿಲೋ ತೂಗು ಹಾಕಿದಷ್ಟು ಬಲ ಅದು. ಸ್ಪೇಸರ್ ತಯಾರಿಸಿದವರು ಬೇರೆ ಅಂಕಿ ಕೊಟ್ಟಿದ್ರೆ ಅವರದ್ದನ್ನೇ ಹಿಡೀರಿ. ಟಾರ್ಕ್ ರೆಂಚ್ (ಬಿಗಿ ಎಷ್ಟು ಅಂತ ಅಳೆಯೋ, ಹೇಳಿದಷ್ಟಕ್ಕೆ ಕ್ಲಿಕ್ ಅನ್ನೋ ಪಾನಾ) ಇಲ್ಲದೆ ಈ ಕೆಲಸ ಮಾಡಲೇಬಾರದು. ಗನ್ ಕೊಡೋ ಬಿಗಿ ಎಷ್ಟು ಅಂತ ಗನ್ ಹಿಡಿದವನಿಗೂ ಗೊತ್ತಿರಲ್ಲ. ಜಾಸ್ತಿ ಆದ್ರೆ ಸ್ಟಡ್ ಎಳೆದು ಸೊರಗುತ್ತೆ, ಕಡಿಮೆ ಆದ್ರೆ ನಿಮ್ಮ ಕಥೆ.

ಲಾಕ್‌ಟೈಟ್ ಬಗ್ಗೆ: ನೀಲಿದು ಒಳಗಿನ ನಟ್‌ಗೆ ಒಂದು ಹನಿ ಹಾಕಬಹುದು, ಸ್ಪೇಸರ್ ಕಂಪನಿಯವರೇ ಹಾಕು ಅಂದಿದ್ರೆ. ನಟ್ ತಿರುಗೋದನ್ನ ಅದು ತಡೆಯುತ್ತೆ, ಸತ್ತ ಹಿಡಿತನ ಬದುಕಿಸಲ್ಲ. ಕೆಂಪು ಬೇಡ, ಬಿಚ್ಚೋಕೆ ಬೆಂಕಿ ಕೊಡಬೇಕಾಗುತ್ತೆ. ಸ್ಪ್ರಿಂಗ್ ವಾಷರ್ ಅಂತೂ ಖಂಡಿತ ಬೇಡ. ಚಕ್ರದ ನಟ್‌ಗೆ ಇಳಿಜಾರು ಮುಖ ಇರುತ್ತೆ, ಅದು ಹೋಗಿ ಗುಂಡಿಯಲ್ಲಿ ಕೂರಬೇಕು. ನಡುವೆ ವಾಷರ್ ಬಂದ್ರೆ ಕೂರೋದೇ ಇಲ್ಲ.

ಪ್ರಶ್ನೆ (ಹೊಳಲ್ಕೆರೆಯ ಸದಸ್ಯರು):
ಸರ್, ನನ್ನ ಜಿಪ್ಸಿಗೆ ನಟ್ ಇಲ್ಲದ ಬರೀ ಬಿಲ್ಲೆ ಥರದ ಸ್ಪೇಸರ್ ಇದೆ. ಅದೂ ಹಿಂಗೇನಾ?

ಉತ್ತರ:
ಅದರ ಗಂಡಾಂತರ ಬೇರೆ. ಬಿಲ್ಲೆ ಎಷ್ಟು ದಪ್ಪ ಇದೆಯೋ ಅಷ್ಟು ಸ್ಟಡ್ ಉದ್ದ ಕಮ್ಮಿ ಆಯ್ತು ಅಂತ ಲೆಕ್ಕ. ನಿಮ್ಮ ಸ್ಟಡ್ 12 ಎಂಎಂ ದಪ್ಪ, 1.25 ಪಿಚ್, ಅಂದ್ರೆ ಒಂದು ಸುತ್ತಿಗೆ ನಟ್ 1.25 ಎಂಎಂ ಮುಂದೆ ಹೋಗುತ್ತೆ. ದಪ್ಪ ಎಷ್ಟೋ ಅಷ್ಟು ಉದ್ದನಾದ್ರೂ ನಟ್ ಹಿಡಿದಿರಬೇಕು, ಅಂದ್ರೆ ಸುಮಾರು ಒಂಬತ್ತೂವರೆ ಸುತ್ತು. ಚಕ್ರ ಕೂರಿಸಿ ನಟ್ ಮುಟ್ಟಿಸಿದ ಮೇಲೆ ಬಿಚ್ಚುತ್ತಾ ಸುತ್ತು ಎಣಿಸ್ರಿ. ಕಮ್ಮಿ ಬಂದ್ರೆ ಉದ್ದ ಸ್ಟಡ್ ಹಾಕಿಸ್ರಿ, ಇಲ್ಲ ಬಿಲ್ಲೆ ತೆಗೆದುಬಿಡ್ರಿ.

ಪ್ರಶ್ನೆ (ಭೀಮಸಮುದ್ರದವರು):
ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಣ್ಣಾರೆ? ಪ್ರತಿ ಸಲ ಚಕ್ರ ಬಿಚ್ಚಲೇಬೇಕಾ?

ಉತ್ತರ:
ಬಿಚ್ಚಲೇಬೇಕು. ಒಳಗಿನ ನಟ್ ರಿಮ್ಮಿನ ಮರೆಗೆ ಇರೋದೇ ಇದರ ದೊಡ್ಡ ತೊಂದರೆ. ಹಾಕಿದ ಮೇಲೆ 80–100 ಕಿಲೋಮೀಟರಿಗೆ ಒಂದು ಸಲ, ಆಮೇಲೆ 500ಕ್ಕೆ, ಆಮೇಲೆ ಟೈರ್ ಹಿಂದೆ ಮುಂದೆ ಅದಲು ಬದಲು ಮಾಡೋ ಪ್ರತಿ ಸಲ. ಕಲ್ಲು ಕೊರಕಲು ಹತ್ತಿ ಬಂದ ಮೇಲಂತೂ ಮರೀಬೇಡ್ರಿ. ಬಿಸಿ ಇದ್ದಾಗ ನೋಡಬಾರದು, ತಣ್ಣಗಾಗಲಿ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಸ್ಪೇಸರ್ ಮೇಲಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೀರಿ. ಗೆರೆ ಮುರಿದಿದ್ರೆ ನಟ್ ತಿರುಗಿದೆ ಅಂತ. ನಟ್ ಕೆಳಗಿಂದ ಕೆಂಪು ತುಕ್ಕಿನ ಕಣ್ಣೀರು ಇಳಿದಿದ್ರೂ ಅದು ಸಡಿಲ ಆಗಿರಬಹುದು.

ಹಳೇ ಸ್ಟಡ್ಡಿನ ತುದಿ ಸ್ಪೇಸರ್ ಮುಖದಿಂದ ಆಚೆ ಬಂದಿದೆಯಾ ಅಂತ ಮೇಲೆ ಸ್ಕೇಲ್ ಇಟ್ಟು ನೋಡ್ರಿ. ಒಂದು ಎಂಎಂ ಬಂದ್ರೂ, ರಿಮ್ಮಿನ ಹಿಂದೆ ಅದಕ್ಕೆ ಗುಂಡಿ ಇಲ್ಲ ಅಂದ್ರೆ, ರಿಮ್ ಸ್ಟಡ್ ತುದಿ ಮೇಲೆ ಕೂತ್ಕೊಳ್ಳುತ್ತೆ.

ಇನ್ನೊಂದು, ಎರೆ ಹೊಲದ ಕೆಸರು ರಿಮ್ ಒಳಗೆ ಒಣಗಿದ್ರೂ ಸ್ಟೇರಿಂಗ್ ನಡುಗುತ್ತೆ. ಮೊದಲು ತೊಳೀರಿ. ತೊಳೆದ ಮೇಲೂ ನಡುಗಿದ್ರೆ ನಟ್ ನೋಡ್ರಿ. ಚಕ್ರ 30 ಎಂಎಂ ಹೊರಗೆ ಬಂದ ಮೇಲೆ ಬೇರಿಂಗಿಗೂ ಭಾರ ಜಾಸ್ತಿ, ಅದನ್ನೂ ಅಲ್ಲಾಡಿಸಿ ನೋಡ್ತಿರಿ. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, ಅದೂ ಗಮನದಲ್ಲಿರಲಿ. ನನ್ನನ್ನ ಕೇಳಿದ್ರೆ, ತೋಟದ ದಾರಿಗೆ ಕಂಪನಿ ಅಳತೆ ಟೈರೇ ಸಾಕಿತ್ತು.

ಭೀಮಸಮುದ್ರದವರು (ಹದಿನೈದು ದಿನದ ಮೇಲೆ):
ಬಿಚ್ಚಿದೆ ಅಣ್ಣಾರೆ. ಸ್ಪೇಸರ್ ಹಿಂದೆ ದಪ್ಪ ಕಪ್ಪು ಬಣ್ಣ ಇತ್ತು, ಡ್ರಮ್ ಮೇಲೆ ಉಂಗುರದ ಹಂಗೆ ತುಕ್ಕು. ಎಡಗಡೆ ಹಿಂದಿನ ಸ್ಪೇಸರ್ ತೂತು ಹಿಗ್ಗಿತ್ತು. ಹಿಂದಿನ ಎರಡೂ ತೆಗೆದೆ, ಆ ಕಡೆ ಟೈರ್ ಉಜ್ಜೋದೇ ಇಲ್ಲ ಅಂತ ಈಗ ಗೊತ್ತಾಯ್ತು. ಎಡಗಡೆ ಐದೂ ಸ್ಟಡ್ ಹೊಸದು. ಮುಂದಿನವು ಉಜ್ಜಿ, ಟಾರ್ಕ್ ರೆಂಚಲ್ಲಿ ಬಿಗಿ ಮಾಡಿದೆ. 100 ಕಿಲೋಮೀಟರಿಗೆ ಬಿಚ್ಚಿ ನೋಡಿದ್ರೆ ಹತ್ತು ನಟ್ಟಲ್ಲಿ ಒಂದು ಮಾತ್ರ ಒಂಚೂರು ತಿರುಗಿ ಕ್ಲಿಕ್ ಅಂತು.

ಉತ್ತರ:
ಒಳ್ಳೇದು ಮಾಡಿದ್ರಿ. ಆ ಒಂದು ನಟ್ ಮೇಲೆ ಹೊಸ ಗೆರೆ ಎಳೆದು 500ಕ್ಕೆ ಮತ್ತೆ ಬಿಚ್ಚಿ ನೋಡ್ರಿ. ಆಗಲೂ ತಿರುಗಿದ್ರೆ ಗಾಡಿ ತಗೊಂಡು ಬರ್ರಿ, ಕೂತು ನೋಡೋಣ.